ಐದನೇ ಫ್ರೇಮಿಗೂ ಆರನೇ ಫ್ರೇಮಿಗೂ ನಡುವೆ

ಕೈ ಎಲ್ಲಿಡಬೇಕು?

ಇಪ್ಪತ್ತು ವರ್ಷಗಳಿಂದ ಜನರಿಗೆ ಇದನ್ನು ಹೇಳಿಕೊಡುತ್ತ ಬಂದವನು ನಾನು. ಕೈ ತೊಡೆಯ ಮೇಲಿರಲಿ, ಗದ್ದ ಸ್ವಲ್ಪ ಕೆಳಗೆ, ಕಣ್ಣು ಮಿಟುಕಿಸಬೇಡಿ. ಕಳೆದ ಮಂಗಳವಾರ ಖಾನಾಪುರದ ಕೋರ್ಟಿನಲ್ಲಿ ಕಟಕಟೆ ಹತ್ತಿ ನಿಂತಾಗ ನನ್ನ ಎರಡು ಕೈಗಳನ್ನು ಎಲ್ಲಿಡಬೇಕೆಂದು ನನಗೇ ತಿಳಿಯಲಿಲ್ಲ. ಕಂಬಿ ಹಿಡಿದೆ. ಬಿಟ್ಟೆ. ಬೆನ್ನ ಹಿಂದೆ ಕಟ್ಟಿಕೊಂಡೆ. (‘ಸಾಲಿ ಹುಡುಗನ ಗತೆ ನಿಂತಿದ್ರಿ’ ಎಂದು ವಕೀಲರು ಆಮೇಲೆ ನಕ್ಕರು.)

ಸಾಕ್ಷಿ ಹೇಳಬೇಕಾಗಿದ್ದದ್ದು ಒಂದು ಫೋಟೋದ ಬಗ್ಗೆ. ಅದನ್ನು ನಿಮ್ಮಲ್ಲಿ ಬಹಳ ಜನ ನೋಡಿದ್ದೀರಿ. ಬೆಳಗಾವಿಯ ರವಿವಾರ ಪೇಟೆಯಿಂದ ನಮ್ಮ ಓಣಿಗೆ ತಿರುಗಿದರೆ ನನ್ನ ಸ್ಟುಡಿಯೋದ ಗಾಜಿನ ಕಿಟಕಿಯಲ್ಲಿ ಮೊದಲು ಕಾಣುತ್ತಿದ್ದದ್ದು ಅದೇ. ಕತ್ತಲ ಪಡಸಾಲೆ. ಮೊರದಲ್ಲಿ ಅಕ್ಕಿ ಆರಿಸುತ್ತ ಕುಳಿತ ಹೆಂಗಸು. ಪಕ್ಕದ ಬಾಗಿಲು ತೆರೆದಿದೆ, ಅವಳ ಅರ್ಧ ಮುಖದ ಮೇಲೆ ಬೆಳಕು. ಹೊಸ್ತಿಲ ಮೇಲೆ ಹೊಳೆಯುವ ತಾಮ್ರದ ಕೊಡ. ಮತ್ತು ಆ ನಗು. ಊರಿನ ಫೋಟೋ ಪ್ರದರ್ಶನದಲ್ಲಿ ಅದಕ್ಕೆ ಬಹುಮಾನ ಬಂದಾಗ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ‘ಅಷ್ಟು ಸಹಜವಾಗಿ ಹೆಂಗ ನಗಿಸಿದ್ರಿ?’

ನಾನು ದೊಡ್ಡ ಗುಟ್ಟು ಎಂಬಂತೆ ಸುಮ್ಮನೆ ನಕ್ಕಿದ್ದೆ. ಖರೇ ಹೇಳಬೇಕೆಂದರೆ, ಆಕೆ ಯಾಕೆ ನಕ್ಕಳೆಂಬುದು ನನಗೂ ಗೊತ್ತಿರಲಿಲ್ಲ.

ವಾರದ ಆರು ದಿನ ನಾನು ತೆಗೆಯುವ ಫೋಟೋ ಹೊಟ್ಟೆಗೆ. ಮದುವೆ, ಪಾಸ್‌ಪೋರ್ಟ್ ಸೈಜು, ಹೆಣ್ಣು ತೋರಿಸುವ ಫೋಟೋ. ರವಿವಾರ ಮಾತ್ರ ನನಗಾಗಿ. ಮುಂಜಾನೆ ಗಾಡಿ ಹಿಡಿದು ಖಾನಾಪುರಕ್ಕೆ ಹೋಗುತ್ತಿದ್ದೆ. ಹಂಚಿನ ಮನೆಗಳು, ಕತ್ತಲ ಕೋಣೆಗಳು, ಒಂದು ಸಂದಿನಿಂದ ಒಳಗೆ ಬೀಳುವ ಬೆಳಕು. ಆ ಬೆಳಕಿನ ಹುಚ್ಚು ನನಗೆ. (ಯಾವ ಗಿರಾಕಿಯೂ ಅದನ್ನು ಕೇಳಿ ಬಂದವನಲ್ಲ.)

ಆ ಫೋಟೋ ಎಪ್ಪತ್ತೆಂಟರ ಶ್ರಾವಣದ್ದು. ಆಕೆಯ ಹೆಸರು ಗಂಗವ್ವ. ಗಂಡ ತೀರಿಕೊಂಡಿದ್ದ. ಅಣ್ಣತಮ್ಮಂದಿರ ನಡುವೆ ಪಾಲಾದ ಮನೆ. ಮುಂದಿನ ಭಾಗ ಅವಳದು, ಹಿಂದಿನ ಹಿತ್ತಲು, ಬಾವಿ ಮೈದುನನದು. ಮಳೆ ಬಿಟ್ಟು ಹೊಳವಾಗಿತ್ತು. ಅರ್ಧ ತಾಸು ಅವರ ಪಡಸಾಲೆಯಲ್ಲಿದ್ದೆ, ಒಂದು ಕಪ್ ಚಹಾ ಕುಡಿದೆ, ಗಾಡಿ ಹಿಡಿದು ಬಂದೆ. ಆಮೇಲೆ ಒಂದು ಪ್ರತಿ ಕಳಿಸಿಕೊಟ್ಟೆ. ನನ್ನ ಮಟ್ಟಿಗೆ ಕತೆ ಅಲ್ಲಿಗೆ ಮುಗಿದಿತ್ತು.

ಹೋದ ತಿಂಗಳು ಒಬ್ಬ ವಯಸ್ಸಾದ ಹೆಂಗಸು ಸ್ಟುಡಿಯೋದ ಮೆಟ್ಟಿಲು ಹತ್ತಿ ಬಂದಳು. ಮೊಣಕಾಲು ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು.

‘ಸರ, ಗುರುತು ಸಿಕ್ತೇನ್ರಿ? ನಿಮ್ಮ ಕಿಟಕ್ಯಾಗ ಕುಂತಾಕಿ ನಾನಾ.’

ಸಿಗಲಿಲ್ಲ, ನಾಚಿಕೆಯಾಯಿತು. ಆರು ವರ್ಷದಿಂದ ದಿನಾ ನೋಡುತ್ತಿರುವ ಮುಖ!

‘ಕುಂದರ್ರಿ’ ಎಂದೆ.

‘ಕುಂತ್ರ ಏಳಾಕ ಆಗೂದಿಲ್ರಿ’ ಎಂದು ನಿಂತೇ ಹೇಳಿದಳು. ‘ಮೈದುನ ಬಸಪ್ಪ ಆ ಬಾಗಲಕ್ಕ ಇಟ್ಟಂಗಿ ಕಟ್ಟಿಸ್ಯಾನ್ರಿ. ಬಾವಿ ಆ ಕಡೆ ಉಳೀತು. ಈಗ ಓಣಿ ತುದಿ ನಳಕ್ಕ ಹೋಗಬೇಕು. ನಳ ಬರೂದು ಎರಡು ದಿನಕ್ಕೊಮ್ಮೆ. ಈ ಕಾಲು ತಗೊಂಡು ಕೊಡಾ ಹೊತ್ತು ಎಷ್ಟಂತ ತಿರಗ್ಲಿ? ಕೋರ್ಟಿಗೆ ಹಾಕೇನಿ. ಆ ಬಾಗಲಾ ಯಾವತ್ತೂ ಮುಚ್ಚೇ ಇತ್ತು, ಯಾರೂ ಹಾಯ್ತಿದ್ದಿಲ್ಲ ಅಂತ ಅಂವಾ ಬರದು ಕೊಟ್ಟಾನ. ನಿಮ್ಮ ಫೋಟೋದಾಗ ತೆರದೈತಲ್ರಿ? ಕೊಡಾನೂ ಐತಿ. ಇದು ನನ್ನ ಫೋಟೋ ಅಂತ ನೀವು ಒಂದು ಮಾತು ಬಂದು ಹೇಳ್ರಿ, ಸಾಕು.’

ಬರುತ್ತೇನೆ ಎಂದೆ. ಆಕೆ ಹೋದಳು. ನನ್ನ ಚಹಾ ಆರಿತು.

ಯಾಕೆಂದರೆ ನಾನು ಹೋದಾಗ ಆ ಬಾಗಿಲು ಮುಚ್ಚಿತ್ತು. ತೆಗೆಸಿದವನು ನಾನು, ಬೆಳಕಿಗಾಗಿ. ಹೊಸ್ತಿಲ ಮೇಲಿನ ಕೊಡ? ಅದನ್ನೂ ಒಳಗಿನಿಂದ ತಂದು ಇಟ್ಟವನು ನಾನೇ. ಆ ಮೂಲೆ ಬರೇ ಕಪ್ಪಾಗಿ ಕಾಣುತ್ತಿತ್ತು, ಏನಾದರೂ ಹೊಳೆಯುವುದು ಬೇಕಿತ್ತು. ಕೊಡ ಖಾಲಿ ಇತ್ತು.

ಮನೆಯಲ್ಲಿ ಹೆಂಡತಿಗೆ ಹೇಳಿದೆ. ‘ಚಂದ ಕಾಣಲಿ ಅಂತ ಯಾರ್ಯಾರ ಮನಿ ಭಾಂಡಿ ಎಲ್ಲೆಲ್ಲಿ ಇಟ್ಟು ಬಂದೀರಿ, ಒಮ್ಮೆ ನೆನಪ ಮಾಡ್ಕೋರಿ’ ಎಂದಳು.

ಮರುದಿನ ಮಧ್ಯಾಹ್ನ ಆ ರವಿವಾರದ ನೆಗೆಟಿವ್ ಹುಡುಕಿದೆ. ಒಂದು ರೋಲಿನಲ್ಲಿ ಹನ್ನೆರಡು ಫ್ರೇಮು. ಬಹುಮಾನದ ಫೋಟೋ ಆರನೆಯದು. ಉಳಿದವನ್ನು ನಾನು ಪ್ರಿಂಟ್ ಮಾಡಿರಲೇ ಇಲ್ಲ. ಈಗ ಎಲ್ಲವನ್ನೂ ಪ್ರಿಂಟ್ ಮಾಡಿ, ಭೂತಗನ್ನಡಿ ಹಿಡಿದು ಒಂದೊಂದಾಗಿ ನೋಡಿದೆ.

ಒಂದು, ಎರಡು, ಮೂರು: ಬಾಗಿಲು ಮುಚ್ಚಿದೆ. ಗಂಗವ್ವ ಕ್ಯಾಮೆರಾಕ್ಕೆ ಹೆದರಿ ಕಟ್ಟಿಗೆಯಂತೆ ಕುಳಿತಿದ್ದಾಳೆ.

ನಾಲ್ಕು: ಬಾಗಿಲು ಒಂದು ಗೇಣು ತೆರೆದಿದೆ. ಅದರ ಅಂಚಿನಲ್ಲಿ, ಆ ಕಡೆಯಿಂದ ಹಿಡಿದ ನಾಲ್ಕು ಬೆರಳು.

ಐದು: ಬಾಗಿಲು ಪೂರ್ತಿ ತೆರೆದಿದೆ. ನಡುವೆ ಒಬ್ಬ ಗಂಡಸು. ಬಿಳಿ ಅಂಗಿ, ಧೋತರ. ಕುತ್ತಿಗೆಯ ಮೇಲೆ ಫ್ರೇಮು ಕತ್ತರಿಸಿದೆ, ಮುಖವಿಲ್ಲ.

ಆರು: ಬಾಗಿಲಲ್ಲಿ ಯಾರೂ ಇಲ್ಲ. ಬೆಳಕು, ಕೊಡ, ನಗು.

ಬಹಳ ಹೊತ್ತು ನೋಡಿದೆ. ಐದಕ್ಕೂ ಆರಕ್ಕೂ ನಡುವೆ ಎಷ್ಟು ಹೊತ್ತು ಹೋಗಿರಬಹುದು? ಕೊಡ ತಂದಿಡುವಷ್ಟು. ಅಷ್ಟರಲ್ಲಿ ಆ ಮನುಷ್ಯ ಎಲ್ಲಿ ಹೋದ? ಯಾಕೆ ಹೋದ?

ಒಂದಿಷ್ಟು ನೆನಪಾಯಿತು. ನಾನು ಬಾಗಿಲು ದೂಡಿದ್ದೆ. ಮಳೆಗೆ ಉಬ್ಬಿತ್ತು, ಬರಲಿಲ್ಲ. ಆಗ ಆ ಕಡೆಯಿಂದ ಒಂದು ದನಿ: ‘ಎತ್ತಿ ದೂಡ್ರಿ, ವೈನಿ ಎತ್ತೇ ದೂಡತಾರ.’ ಆಮೇಲೆ ಯಾರೋ ಆ ಕಡೆಯಿಂದಲೇ ಎಳೆಯತೊಡಗಿದರು, ನಾನು ಕ್ಯಾಮೆರಾಕ್ಕೆ ಮರಳಿದೆ.

ವೈನಿ, ಅಂದರೆ ಅತ್ತಿಗೆ. ಎತ್ತಿಯೇ ದೂಡುತ್ತಾರೆ, ಅಂದರೆ ಆ ಬಾಗಿಲನ್ನು ಆಕೆ ಬಳಸುತ್ತಿದ್ದಳು. ಇಷ್ಟಿದ್ದರೆ ಸಾಕಲ್ಲ? ಆದರೆ ಆ ದನಿ ಖಂಡಿತ ಕೇಳಿದ್ದೇ, ಅಥವಾ ಆಕೆಯ ಮೊಣಕಾಲು ನೋಡಿದ ಮೇಲೆ ನನ್ನ ಮನಸ್ಸು ಹುಟ್ಟಿಸಿದ್ದೇ? ಕೊಡ ಇಟ್ಟ ಕೈ ಇದು. ಚಂದ ಕಾಣಲಿ ಅಂತ ಮಾತನ್ನೂ ತಂದು ಇಟ್ಟಿರಬಹುದು.

ಕೋರ್ಟಿನ ಒಳಗೆ ಹೋಗುವ ಮೊದಲು ಗಂಗವ್ವನ ವಕೀಲರಿಗೆ ಎಲ್ಲವನ್ನೂ ಹೇಳಿದೆ. ಅವರು ಹಣೆ ಚಚ್ಚಿಕೊಂಡರು. ‘ಕೇಳಿದ್ದಕ್ಕಷ್ಟ ಉತ್ತರಾ ಕೊಡ್ರಿ ಸರ. ಫೋಟೋ ನಿಮ್ದು, ಬಾಗಲಾ ತೆರದೈತಿ. ಅಲ್ಲಿಗೆ ಫುಲ್ ಸ್ಟಾಪ್.’

ಅವರು ಅಷ್ಟೇ ಕೇಳಿದರು. ನಾನೂ ಅಷ್ಟೇ ಹೇಳಿದೆ. ಆಮೇಲೆ ಬಸಪ್ಪನ ವಕೀಲರು ಎದ್ದರು.

ನೀವು ಹೋದಾಗ ಬಾಗಿಲು ತೆರೆದಿತ್ತೆ? ಇಲ್ಲ. ಕೊಡ ಅಲ್ಲೇ ಇತ್ತೆ? ಇಲ್ಲ, ನಾನು ಇಟ್ಟೆ. ಯಾಕೆ?

‘ಚಂದ ಕಾಣ್ತದಂತ’ ಎಂದೆ.

ಕೋರ್ಟು ನಕ್ಕಿತು. ಗಂಗವ್ವ ನಗಲಿಲ್ಲ. ಆಕೆ ನನ್ನನ್ನು ನೋಡಿದ ರೀತಿಯನ್ನು ಬರೆಯಲು ನನಗೆ ಬರುವುದಿಲ್ಲ. ಬಾವಿ ಮತ್ತೊಮ್ಮೆ ಮುಚ್ಚಿತು, ಈ ಸಲ ಮುಚ್ಚಿದವನು ನಾನು.

ವಕೀಲರು ಅಲ್ಲಿಗೆ ಕುಳಿತುಬಿಡಬಹುದಿತ್ತು. ಗೆದ್ದ ಖುಷಿಯಲ್ಲಿ ಇನ್ನೊಂದು ಪ್ರಶ್ನೆ ಕೇಳಿದರು. ‘ಅಂದ್ರ ಯಾರೂ ಹಾಯದ ಬಾಗಲಾ ನೀವೇ ತೆಗದ್ರಿ, ಹೌದಲ್ರಿ?’

‘ನಾನು ದೂಡಿದೆ, ಬರಲಿಲ್ಲ. ಆ ಕಡೆಯಿಂದ ಯಾರೋ ಎಳೆದರು. ಎತ್ತಿ ದೂಡಿ, ವೈನಿ ಹಾಗೇ ದೂಡುತ್ತಾರೆ ಎಂದ ನೆನಪು. ಮಾತಿನ ಖಾತ್ರಿ ನನಗಿಲ್ಲ. ಬೆರಳುಗಳ ಖಾತ್ರಿ ಇದೆ.’

ನಾಲ್ಕನೇ ಫ್ರೇಮಿನ ಪ್ರಿಂಟ್ ಕೊಟ್ಟೆ. ನ್ಯಾಯಾಧೀಶರು ಕನ್ನಡಕ ತೆಗೆದು, ಹತ್ತಿರ ಹಿಡಿದು ನೋಡಿದರು. ‘ಬೆರಳು ಯಾರವು?’ ಎಂದರು, ಯಾರನ್ನೂ ನೋಡದೆ.

ಗೋಡೆಗೆ ಒರಗಿ ನಿಂತಿದ್ದ ಬಸಪ್ಪನ ಬಲಗೈ ತಾನಾಗಿಯೇ ಅಂಗಿಯ ಕಿಸೆಯೊಳಗೆ ಹೋಯಿತು. ಇಡೀ ಕೋರ್ಟು ಆ ಕಿಸೆಯನ್ನು ನೋಡಿತು.

‘ನನ್ನವಾರಿ’ ಎಂದ.

ಕೇಳದೆ ಮಾತಾಡಿದ್ದಕ್ಕೆ ಅವನಿಗೆ ಬೈಗುಳ ಬಿತ್ತು. ಮುಂದಿನ ತಾರೀಖು ಬಿತ್ತು. ಅಷ್ಟರೊಳಗೆ ರಾಜಿ ಆಗುವುದಾದರೆ ನೋಡಿ ಎಂದು ನ್ಯಾಯಾಧೀಶರು ಇಬ್ಬರಿಗೂ ಹೇಳಿದರು.

ಹೊರಗೆ ಚಹಾದ ಅಂಗಡಿಯಲ್ಲಿ ಗಂಗವ್ವ ಅವನನ್ನು ಬಿಡಲಿಲ್ಲ. ‘ಏ ಬಸಪ್ಪಾ, ಎಳದದ್ದು ನಿನಗ ನೆನಪಿತ್ತು. ಆದ್ರೂ ಯಾವತ್ತೂ ಮುಚ್ಚಿತ್ತು ಅಂತ ಬರದು ಕೊಟ್ಟಿ? ನಾ ನಿನಗ ಏನ ಮಾಡಿದ್ದೆ?’

ಅವನು ನನ್ನ ಕಡೆ ತಿರುಗಿದ. ‘ಆವತ್ತು ನನಗೇನಂದ್ರಿ, ನೆನಪೈತೇನ್ರಿ?’

‘ಇಲ್ಲ.’

‘ಇರೂದಿಲ್ರಿ, ಅಂದವರಿಗೆ ನೆನಪಿರೂದಿಲ್ಲ. ಫೋಟೋದವರು ಬಂದಾರಂತ ನಾ ಹೊಸಾ ಅಂಗಿ ಹಾಕ್ಕೊಂಡು ಓಡಿ ಬಂದಿದ್ದೆ. ಬಾಗಲಾ ಎಳದು ನಿಂತೆ. ನೀವು ಕ್ಯಾಮೆರಾದಾಗಿಂದ ತಲಿ ಸೈತ ಎತ್ತಲಿಲ್ಲ. “ಏ, ಸರಿ ಅತ್ತಾಗ, ಬೆಳಕಿಗೆ ಅಡ್ಡ ಬರಬ್ಯಾಡ” ಅಂದ್ರಿ. ನನ್ನ ಮನ್ಯಾಗ, ನನ್ನ ಬಾಗಲದಾಗ!’

ಐದನೇ ಫ್ರೇಮಿನ ಅಂಗಿಯ ಮೇಲೆ ಮಡಿಕೆಯ ಗೆರೆಗಳಿದ್ದವು. ಯಾಕೆಂದು ಆಗ ಗೊತ್ತಾಯಿತು.

‘ಹೋಗ್ಲಿ’ ಎಂದ. ‘ನೀವು ಪರಊರವರು. ಆದ್ರ ಈ ವೈನಿ? ನಾ ಸರದೆ, ಇವರು ನಕ್ರು.’

ಗಂಗವ್ವ ಚಹಾದ ಗ್ಲಾಸು ಕೆಳಗಿಟ್ಟಳು. ‘ನಕ್ಕದ್ದು ಖರೇ. ನಿನ್ನ ಮಾರಿ ಹಂಗಾಗಿತ್ತೋ. ಹೊಟ್ಟಿತುಂಬ ನಕ್ಕೆ.’ ಈಗಲೂ ಆಕೆಯ ಬಾಯಿಯ ತುದಿ ಸ್ವಲ್ಪ ಎದ್ದಿತ್ತು.

‘ವಾರಕ್ಕೊಮ್ಮೆ ಅಕ್ಕಿ ತಗೊಂಡು ರವಿವಾರ ಪೇಟಿಗೆ ಹೋಗ್ತೀನ್ರಿ’ ಎಂದ ಬಸಪ್ಪ. ‘ಕಿಟಕ್ಯಾಗ ಕುಂತು ಇವರು ನನ್ನ ನೋಡಿ ನಗತಾರ. ವ್ಯಾಪಾರಿಗಳು ಚ್ಯಾಷ್ಟಿ ಮಾಡತಾರ: “ನಿಮ್ಮ ಮನಿ ಫೋಟೋ ಐತಿ, ನೀನ ಇಲ್ಲಲ್ಲೋ ಬಸಪ್ಪಾ!” ಎಷ್ಟಂತ ತಡಕೊಳ್ಳಲಿ?’

ಒಂದು ಫೋಟೋಕ್ಕಾಗಿ ಮನುಷ್ಯ ಬಾಗಿಲಿಗೆ ಇಟ್ಟಿಗೆ ಕಟ್ಟಿಸುತ್ತಾನೆಯೇ? ಪೂರ್ತಿ ನಂಬುವುದು ಕಷ್ಟ. ಪಾಲಿನ ಮನೆಯಲ್ಲಿ ಇನ್ನೂ ಎಷ್ಟೋ ಇರುತ್ತವೆ. ಆದರೆ ಅವನು ಹೇಳಿದ್ದು ಇದನ್ನೇ, ಹೇಳುವಾಗ ಅಂಗಿಯ ಗುಂಡಿ ತಿರುವುತ್ತಿದ್ದ. ನಾನು ಕಂಡದ್ದನ್ನು ಬರೆಯುತ್ತಿದ್ದೇನೆ.

ಕಡೆಗೆ ಅವನೇ ಹೇಳಿದ: ‘ಇಟ್ಟಂಗಿ ತಗಸ್ತೀನಿ ವೈನಿ. ಕೋರ್ಟೂ ಬ್ಯಾಡ, ಏನೂ ಬ್ಯಾಡ. ಆದ್ರ ಆ ಫೋಟೋ ಕಿಟಕ್ಯಾಗಿಂದ ಇಳಸ್ತೀನಿ ಅಂತ ಈ ಸರ ಹೇಳಲಿ.’

ಇಬ್ಬರೂ ನನ್ನನ್ನು ನೋಡಿದರು.

ನನ್ನ ಬದುಕಿನಲ್ಲಿ ಬಹುಮಾನ ಬಂದದ್ದು ಅದೊಂದಕ್ಕೇ. ಆರು ವರ್ಷ ಆ ಕಿಟಕಿಯಿಂದಲೇ ಜನ ನನ್ನನ್ನು ಬರೇ ಮದುವೆ ಫೋಟೋದವನಲ್ಲ ಎಂದು ಗುರುತಿಸಿದ್ದು. ಚಹಾ ಒಂದು ಗುಟುಕು ಕುಡಿದೆ. ಇನ್ನೊಂದು ಗುಟುಕು.

‘ನೋಡೋಣ’ ಎಂದೆ.

ಗಂಗವ್ವ ಸಿಟ್ಟಾಗಲಿಲ್ಲ. ಸೆರಗು ಸರಿ ಮಾಡಿಕೊಂಡು, ಬಹಳ ಮೆಲ್ಲಗೆ, ತಿಳಿಯದವನಿಗೆ ತಿಳಿಸುವಂತೆ ಹೇಳಿದಳು: ‘ಇದು ನೀರಿನ ಮಾತೈತ್ರಿ ಸರ.’

ಮರುದಿನ ಬೆಳಿಗ್ಗೆ ಫೋಟೋ ಇಳಿಸಿದೆ. ಶನಿವಾರ ಗೌಂಡಿ ಬಂದು ಇಟ್ಟಿಗೆ ತೆಗೆದನೆಂದು ಸುದ್ದಿ ಬಂತು. ಎಲ್ಲ ಒಳ್ಳೆಯದಾಯಿತಲ್ಲ ಎಂದು ಹೆಂಡತಿ ಅಂದಳು. ಹೌದು, ಆಯಿತು.

ಆದರೆ ಒಬ್ಬ ಹೆಣ್ಣುಮಗಳ ಕೊಡ ನೀರಿಗೆ ‘ನೋಡೋಣ’ ಎಂದೆನಲ್ಲ, ಅಂಥದ್ದೇನಿತ್ತು ಆ ಫೋಟೋದಲ್ಲಿ?