ಚಾಸಿಯ ಹೆಸರು ಮೊದಲು

ಅಡಿಲೇಡಿನಾಚೆಯ ಗೋಧಿ ಸೀಮೆಯ ಪುಟ್ಟ ಊರಾದ ಕುರಿಂಗಾದಲ್ಲಿ ಯಾರಾದರೂ ಹೊಸ ರೇಸ್ ಕಾರು ಕಟ್ಟಿದ್ದಾರೆಂದು ಸುದ್ದಿಯಾದರೆ ಸಾಕು, ಮಾರನೆಯ ಸಂಜೆಯೇ ಡಲ್ಸಿ ಪೆಂಗಿಲಿಯ ಸೈಕಲ್ ಅವರ ಮನೆಯೆದುರು ನಿಲ್ಲುತ್ತಿತ್ತು. ಸ್ಕರ್ಟಿನ ಮೇಲೊಂದು ಹಳೆಯ ಕೋಟು ತೊಟ್ಟು, ಟಾರ್ಚು ಹಿಡಿದು, ಸೀದಾ ಕಾರಿನ ಅಡಿಗೆ ನುಸುಳಿಬಿಡುತ್ತಿದ್ದಳು. ಎರಡು ಕಾಲು ಮಾತ್ರ ಹೊರಗೆ ಕಾಣುತ್ತಿದ್ದವು. ಒಳಗಿನಿಂದ ಪ್ರಶ್ನೆ ಬರುತ್ತಿತ್ತು.

"ಈ ಪಟ್ಟಿ ಬಗ್ಗಿಸಿದ್ದು ಯಾರು?"

"ನಾನೇ, ಮಿಸ್ ಪೆಂಗಿಲಿ."

"ನೀನಾ? ಹೋದ ವರ್ಷ ಕೋಳಿಗೂಡಿನ ಬಾಗಿಲು ಸರಿಮಾಡೋಕೆ ಬಡಗೀನ ಕರೆಸಿದವನು ನೀನು. ನಿಜ ಹೇಳು."

"ನಮ್ಮ ಭಾವ ಬಗ್ಗಿಸಿಕೊಟ್ಟಿದ್ದು."

"ಹಾಗಾದ್ರೆ ನಿಮ್ಮ ಭಾವನ ಹೆಸರೇ ಮೊದಲು."

ಡಲ್ಸಿಗೆ ಆಗ ಮೂವತ್ತೈದು. ಹಗಲೆಲ್ಲ ಗೋಧಿ ಖರೀದಿಸುವ ಕಚೇರಿಯಲ್ಲಿ ಟೈಪಿಸ್ಟ್, ಉಳಿದ ಹೊತ್ತಿನಲ್ಲಿ ಕಾರು ಕ್ಲಬ್ಬಿನ ಕಾರ್ಯದರ್ಶಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ವಿಮಾನಗಳು ಇಳಿಯದೆ ಪಾಳು ಬಿದ್ದಿದ್ದ ಓಡುಹಾದಿಯಲ್ಲಿ ಕ್ಲಬ್ಬು ವರ್ಷಕ್ಕೆ ಮೂರು ಸಲ ರೇಸ್ ನಡೆಸುತ್ತಿತ್ತು. ಪ್ರತಿಸಲವೂ ಯಾವ ನಂಬರಿನ ಕಾರು, ಓಡಿಸುವವರು ಯಾರು, ಕಾರಿನ ಹೆಸರೇನು ಎಂಬ ಪಟ್ಟಿಯನ್ನು ಟೈಪ್ ಮಾಡಿ ನಾನೂರು ಪ್ರತಿ ತೆಗೆಯುವ ಕೆಲಸ ಅವಳದು.

ಹೆಸರಿನ ವಿಷಯದಲ್ಲಿ ಅವಳು ಯಾರ ಮುಲಾಜಿಗೂ ಬೀಳುತ್ತಿರಲಿಲ್ಲ. ಹಡಗಿನಲ್ಲಿ ಬರುವ ಇಂಗ್ಲಿಷ್ ಕಾರು ಕೊಳ್ಳುವ ತಾಕತ್ತು ಆ ಸೀಮೆಯಲ್ಲಿ ಇಬ್ಬರಿಗೋ ಮೂವರಿಗೋ ಇತ್ತು. ಮಿಕ್ಕವರೆಲ್ಲ ಸಿಕ್ಕಿದ್ದನ್ನು ಜೋಡಿಸಿ ಓಡಿಸುವವರು. ಟ್ರಕ್ಕಿನ ಆಕ್ಸಲ್, ಗಾಳಿಗಿರಣಿಯ ಪೈಪು, ಮಗುಚಿಬಿದ್ದ ಕಾರಿನ ಎಂಜಿನ್. ಇಂಥ ಕಾರಿಗೆ ಮೊದಲು ಚಾಸಿ, ಅಂದರೆ ಅಡಿಯ ಚೌಕಟ್ಟು, ಕಟ್ಟಿದವರ ಹೆಸರು, ಆಮೇಲೆ ಒಂದು ಸಣ್ಣ ಗೆರೆ, ಆಮೇಲೆ ಎಂಜಿನ್ ಮಾಡಿದವರ ಹೆಸರು. ಮರ್ವ್ ಟ್ರೆಲೋರ್ ಯುದ್ಧಕ್ಕೆ ಮುಂಚೆ ಕಟ್ಟಿದ್ದ ಕಾರು ಟ್ರೆಲೋರ್-ಫೋರ್ಡ್ ಆಗಿತ್ತು. ಅದು ಮೂರು ಕೈ ಬದಲಾಯಿತು, ಹೋಲ್ಡನ್ ಕಂಪನಿಯ ಎಂಜಿನ್ ಕೂತು ಟ್ರೆಲೋರ್-ಹೋಲ್ಡನ್ ಆಯಿತು. ಆದರೆ ಹೆಸರಿನ ಮೊದಲ ಭಾಗ ಟ್ರೆಲೋರ್ ಅಲುಗಲಿಲ್ಲ. ಎಂಜಿನ್ ಇವತ್ತು ಬಂದು ನಾಳೆ ಹೋಗುವಂಥದ್ದು, ಚಾಸಿಯ ಹೆಸರೇ ಮನೆತನದ ಹೆಸರು ಎನ್ನುತ್ತಿದ್ದಳು ಡಲ್ಸಿ. ಕಟ್ಟಿದವರು ಯಾರೆಂದು ಯಾರಿಗೂ ತಿಳಿಯದಿದ್ದಾಗ ಮಾತ್ರ ಓಡಿಸುವವನ ಹೆಸರಿನ ಜೊತೆ 'ಸ್ಪೆಷಲ್' ಎಂದು ಸೇರಿಸುತ್ತಿದ್ದಳು.

ಇಷ್ಟು ಹಟ ಎಲ್ಲಿಂದ ಬಂತೆಂದು ಯಾರೂ ಅವಳನ್ನು ಕೇಳಿರಲಿಲ್ಲ. ಯುದ್ಧದ ನಾಲ್ಕು ವರ್ಷ ಅವಳು ಅಡಿಲೇಡಿನ ಕಾರ್ಖಾನೆಯೊಂದರಲ್ಲಿ ಬೆಸುಗೆ ಹಾಕಿದವಳು. ದಿನಕ್ಕೆ ನೂರಾರು ಕೂಡುಗಳು, ಒಂದರ ಮೇಲೂ ಯಾರ ಗುರುತೂ ಇಲ್ಲ. ಯುದ್ಧ ಮುಗಿದ ವಾರವೇ ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿ, ಕೈಕುಲುಕಿ, ಮನೆಗೆ ಕಳಿಸಿದರು. ಊರಿಗೆ ಬಂದು ಟೈಪಿಂಗ್ ಕಲಿತಳು. ಆದರೂ ದಾರಿಯಲ್ಲಿ ಕಬ್ಬಿಣದ ಗೇಟು ಕಂಡರೆ ಅವಳ ಕಣ್ಣು ಮೊದಲು ಹೋಗುತ್ತಿದ್ದುದು ಬೆಸುಗೆಯ ಕಡೆಗೇ.

ಪಕ್ಕದ ಬೀದಿಯ ಬೇಕರಿಯವನು ಆರ್ನೋ ನೋಸ್ಕೆ. ಒಂದು ಭಾನುವಾರ ಬಂದು, "ಡಲ್ಸ್, ಒಂದು ಹೋಲ್ಡನ್ ಎಂಜಿನ್ ಸಿಕ್ಕಿದೆ. ಚಾಸಿ ಕಟ್ಟೋರು ಯಾರೂ ಇಲ್ಲ" ಎಂದ.

"ನನ್ನ ಹತ್ರ ಯಾಕೆ ಹೇಳ್ತಿದೀಯ?"

"ನಮ್ಮ ಒಲೆಯ ಬಾಗಿಲು ಬಿರುಕು ಬಿಟ್ಟಾಗ ಬೆಸೆದುಕೊಟ್ಟಿದ್ದು ಯಾರು, ಪಾದ್ರಿಗಳಾ?"

ಅಂದಿನಿಂದ ಒಂದು ವರ್ಷ, ಪ್ರತಿ ಭಾನುವಾರ ಮಧ್ಯಾಹ್ನ, ಬೇಕರಿಯ ಹಿಂದಿನ ಷೆಡ್ಡಿನಲ್ಲಿ ಕಿಡಿ ಹಾರಿತು. ಡಲ್ಸಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಇಡೀ ಚಾಸಿಯನ್ನು ಇದ್ದಷ್ಟೇ ಉದ್ದಕ್ಕೆ ಬರೆದಳು. ಆರ್ನೋ ಅದರ ಮೇಲೆ ಮಲಗಿ ಕಾಲು ಎಲ್ಲಿಗೆ ಮುಟ್ಟುತ್ತದೆಂದು ತೋರಿಸಿದ. "ನೀನು ತಿನ್ನೋ ಬನ್ನು ಕಮ್ಮಿ ಮಾಡಿದ್ರೆ ಎರಡಿಂಚು ಪೈಪು ಉಳಿಯುತ್ತೆ" ಎಂದು ಅವಳು ರೇಗಿಸಿದಳು. ಅಷ್ಟು ನಕ್ಕ ವರ್ಷ ಅವಳ ಬದುಕಿನಲ್ಲಿ ಹಿಂದೆ ಬಂದಿರಲಿಲ್ಲ.

ಕಾರು ಸಿದ್ಧವಾಯಿತು. ಆರ್ನೋ ಅರ್ಜಿಯಲ್ಲಿ ಪೆಂಗಿಲಿ-ಹೋಲ್ಡನ್ ಎಂದು ಬರೆದುಕೊಟ್ಟ. ರೇಸಿನ ಹಿಂದಿನ ದಿನ ಪಟ್ಟಿ ಕೈಗೆ ಬಂದಾಗ ನೋಡುತ್ತಾನೆ, 'ನೋಸ್ಕೆ ಸ್ಪೆಷಲ್' ಎಂದಿದೆ.

"ಡಲ್ಸ್, ಏನಿದು?"

"ಟೈಪಿಂಗ್ ತಪ್ಪು."

"ಎಂಟು ವರ್ಷದಲ್ಲಿ ನೀನು ಒಂದು ಅಲ್ಪವಿರಾಮಾನೂ ತಪ್ಪಿಲ್ಲ!"

ಡಲ್ಸಿ ಕಾಗದಗಳನ್ನು ಜೋಡಿಸುತ್ತಲೇ ಹೇಳಿದಳು. "ನೀನೆಲ್ಲಾದ್ರೂ ಹೋಗಿ ಗುದ್ದಿದೆ ಅಂತಿಟ್ಕೋ. ನಿನ್ನ ಹೆಸರಿದ್ರೆ, ಆರ್ನೋಗೆ ಹುಚ್ಚು ಅಂತಾರೆ, ಅಷ್ಟೆ. ನನ್ನ ಹೆಸರಿದ್ರೆ, ಹೆಂಗಸಿನ ಬೆಸುಗೆ ಬಿಟ್ಕೊಳ್ತು ಅಂತಾರೆ. ಆಮೇಲೆ ಆ ಕಾರು ಷೆಡ್ಡು ಬಿಟ್ಟು ಈಚೆ ಬರಲ್ಲ."

"ಹುಚ್ಚು ಅಂತ ಹೇಗೂ ಅಂತಾರೆ" ಎಂದ ಆರ್ನೋ. ಆದರೆ ಅವಳು ಜಗ್ಗಲಿಲ್ಲ.

ಮರುದಿನ ಬೆಳಿಗ್ಗೆ ಕಾರುಗಳ ತಪಾಸಣೆ. ಅದು ಮರ್ವ್ ಟ್ರೆಲೋರನ ಕೆಲಸ. ಅವನ ಸಹಿ ಇಲ್ಲದೆ ಯಾವ ಕಾರೂ ಓಡುವಂತಿಲ್ಲ. ಎಪ್ಪತ್ತರ ಮುದುಕ ಅಂಗಾತ ಮಲಗಿ ಆರ್ನೋನ ಕಾರಿನಡಿ ಸೇರಿದ. ಸಣ್ಣ ಸುತ್ತಿಗೆಯಿಂದ ಟಣ್ ಟಣ್ ಎಂದು ಒಂದೊಂದೇ ಕೂಡನ್ನು ಬಡಿದು ನೋಡಿದ. ಹೊರಗೆ ಬಂದಾಗ ಅವನ ಹುಬ್ಬು ಮೇಲೇರಿತ್ತು.

"ಈ ಬೆಸುಗೆ ಯಾರದು?"

ಆರ್ನೋ ಆಕಾಶ ನೋಡಿದ. ಪಕ್ಕದಲ್ಲಿ ಪಟ್ಟಿ ಹಿಡಿದು ನಿಂತಿದ್ದ ಡಲ್ಸಿ ನೆಲ ನೋಡಿದಳು.

"ಸ್ಪೆಷಲ್ ಅಂತಿದೆ ಇಲ್ಲಿ. ಅಂದ್ರೆ ಕಟ್ಟಿದೋರು ಯಾರಿಗೂ ಗೊತ್ತಿಲ್ಲ ಅಂತ. ಸರಿ ತಾನೇ, ಮಿಸ್ ಪೆಂಗಿಲಿ? ಹಾಗಾದ್ರೆ ನಾನು ಸಹಿ ಹಾಕಲ್ಲ. ತಂದೆತಾಯಿ ಗೊತ್ತಿಲ್ಲದ ಚಾಸಿನ ನೂರು ಮೈಲಿ ವೇಗದಲ್ಲಿ ಓಡಿಸೋಕೆ ಬಿಡೋಷ್ಟು ಮುದಿ ಮರುಳು ನನಗಿನ್ನೂ ಬಂದಿಲ್ಲ."

ಆರ್ನೋನ ಮುಖ ಇಳಿದುಹೋಯಿತು. ಒಂದು ವರ್ಷದ ಭಾನುವಾರಗಳೆಲ್ಲ ಅಲ್ಲೇ ನಿಂತುಹೋಗುವಂತಿದ್ದವು. ಡಲ್ಸಿ ನೆಲದಿಂದ ಕಣ್ಣೆತ್ತಿದಳು.

"ನಾನು" ಎಂದಳು, ತಗ್ಗಿದ ದನಿಯಲ್ಲಿ.

"ಏನು? ಎಂಜಿನ್ ಸದ್ದಲ್ಲಿ ಕೇಳಿಸ್ಲಿಲ್ಲ."

"ನಾನು ಕಟ್ಟಿದ್ದು! ಇಡೀ ಚಾಸಿ ನಾನೇ ಬೆಸೆದಿದ್ದು! ಮುಂದಿನ ಎಡಮೂಲೆ ಎರಡು ಸಲ!"

ಸುತ್ತಲಿದ್ದವರೆಲ್ಲ ತಿರುಗಿ ನೋಡಿದರು. ಮರ್ವ್ ಜೇಬಿನಿಂದ ಪೆನ್ನು ತೆಗೆದು ನಿಧಾನವಾಗಿ ಸಹಿ ಹಾಕಿದ. ಆಮೇಲೆ ಅವಳ ಕಿವಿಯ ಹತ್ತಿರ ಬಾಗಿ, "ನಾನು ಕಟ್ಟಿದ್ದಕ್ಕಿಂತ ಚೆನ್ನಾಗಿದೆ. ಹೀಗಂದೆ ಅಂತ ಯಾರಿಗಾದ್ರೂ ಹೇಳಿದ್ರೆ ನೋಡು" ಎಂದ.

ಅಷ್ಟು ಹೊತ್ತಿಗೆ ಪಟ್ಟಿಯ ಪ್ರತಿಗಳೆಲ್ಲ ಜನರ ಕೈ ಸೇರಿಯಾಗಿತ್ತು. ಅದಕ್ಕೂ ಅಲ್ಲೊಂದು ಪದ್ಧತಿ ಇತ್ತು. ಪ್ರತಿ ರೇಸಿಗೆ ಮುಂಚೆ ಧ್ವನಿವರ್ಧಕದಲ್ಲಿ ತಿದ್ದುಪಡಿ ಓದುತ್ತಾರೆ, ಬಂದವರೆಲ್ಲ ತಮ್ಮ ತಮ್ಮ ಪಟ್ಟಿಯಲ್ಲಿ ಪೆನ್ಸಿಲಿನಿಂದ ತಿದ್ದಿಕೊಳ್ಳುತ್ತಾರೆ. ಮಾಂಸದಂಗಡಿಯ ಕೆಲ್ ಧ್ವನಿವರ್ಧಕ ಹಿಡಿದ.

"ಮೂರನೇ ರೇಸು, ಹದಿನೇಳನೇ ನಂಬರು. ನೋಸ್ಕೆ ಸ್ಪೆಷಲ್ ಹೊಡೆದು ಹಾಕಿ. ಪೆಂಗಿಲಿ-ಹೋಲ್ಡನ್ ಅಂತ ಬರ್ಕೊಳ್ಳಿ. ಹೌದು ಸ್ವಾಮಿ, ಅದೇ ಪೆಂಗಿಲಿ. ಕಾರು ಕಟ್ಟಿದ್ದೂ ಅವರೇ, ತಪ್ಪು ಟೈಪ್ ಮಾಡಿದ್ದೂ ಅವರೇ!"

ಬೇಲಿಯುದ್ದಕ್ಕೂ ನಗು ಹರಿಯಿತು. ಆಮೇಲೆ ಟೋಪಿಗಳೆಲ್ಲ ಒಟ್ಟಿಗೆ ಬಾಗಿದವು. ಮೊಣಕಾಲಿನ ಮೇಲೆ, ಬೇಲಿಗೂಟದ ಮೇಲೆ, ಮುಂದಿದ್ದವರ ಬೆನ್ನಿನ ಮೇಲೆ ಪಟ್ಟಿಯಿಟ್ಟುಕೊಂಡು ನೂರಾರು ಜನ ಬರೆಯುತ್ತಿದ್ದರು. ಮಾಂಸ ತುಂಬಿದ ಪೇಸ್ಟಿ ಎಂಬ ಕಡುಬು ತಿನ್ನುತ್ತಿದ್ದ ಪರವೂರಿನ ಹೆಂಗಸೊಬ್ಬಳು ಡಲ್ಸಿಯನ್ನೇ ಕೇಳಿದಳು. "ಸ್ವಲ್ಪ ಪೆನ್ಸಿಲ್ ಕೊಡ್ತೀರಾ? ಯಾರು ಈ ಪೆಂಗಿಲಿ?"

"ನಾನೇ" ಎಂದಳು ಡಲ್ಸಿ. ಈ ಸಲ ದನಿ ತಗ್ಗಲಿಲ್ಲ.

ಎಂಟು ಸುತ್ತಿನ ರೇಸು. ಐದನೇ ಸುತ್ತಿನಲ್ಲಿ ಆರ್ನೋ ತಿರುವಿಗೆ ಜೋರಾಗಿ ಬಂದು, ಅಡ್ಡಡ್ಡ ಜಾರಿ, ಹುಲ್ಲಿನ ಕಂತೆಗಳ ಗೋಡೆಗೆ ಢಮ್ಮೆಂದು ನುಗ್ಗಿದ. ಡಲ್ಸಿ ಬೇಲಿಯ ಮೇಲೆ ಬಾಗಿ ನೋಡಿದಳು. ಹುಲ್ಲಿನ ಮೋಡ ಎದ್ದಿತು. ಮೋಡದೊಳಗಿಂದ ಎಂಜಿನ್ನಿನ ಗುರ್ರ್ ಕೇಳಿಸಿತು. ಕಾರು ಹಿಂದಕ್ಕೆ ಸರಿಯಿತು, ತಿರುಗಿತು, ಎಳೆದ ದಾರದಂತೆ ನೆಟ್ಟಗೆ ಓಡತೊಡಗಿತು. ಮೂಗಿನ ತಗಡು ಮಾತ್ರ ಅಪ್ಪಚ್ಚಿ.

"ಎಷ್ಟು ಗಟ್ಟಿ ಕಟ್ಟಿದಾಳಮ್ಮ ಇವಳು!" ಎಂದು ಬೇಲಿಯಿಂದ ಯಾರೋ ಕೂಗಿದರು.

ಆರನೆಯವನಾಗಿ ಬಂದ ಆರ್ನೋ ಕಾಲರಿನೊಳಗಿನ ಹುಲ್ಲು ಕೀಳುತ್ತ ಇಳಿದ. "ಡಲ್ಸ್, ಚಾಸಿ ಒಂದು ಕೂದಲಷ್ಟೂ ಅಲುಗಿಲ್ಲ. ಡ್ರೈವರನ್ನ ಮಾತ್ರ ಬೇರೆ ನೋಡ್ಕೋಬೇಕು."

"ಬನ್ನು ಬೇಯಿಸೋದೂ ಅವನಿಗೆ ಅಷ್ಟಕ್ಕಷ್ಟೆ" ಎಂದ ಮರ್ವ್.

ಸೋಮವಾರ ಗೋಧಿ ಕಚೇರಿಯ ಊಟದ ಬಿಡುವಿನಲ್ಲಿ ಡಲ್ಸಿ ಫಲಿತಾಂಶದ ಹಾಳೆ ಟೈಪ್ ಮಾಡಿದಳು. ಮೊದಲ ಐದು ಸಾಲು ಎಂದಿನ ವೇಗದಲ್ಲೇ ಓಡಿದವು. ಆರನೆಯದಕ್ಕೆ ಬಂದಾಗ ಒಂದು ಗಳಿಗೆ ನಿಂತು, ಬೆರಳ ತುದಿಗಳನ್ನು ಕರವಸ್ತ್ರದಲ್ಲಿ ಒರೆಸಿಕೊಂಡಳು. ಆಮೇಲೆ ಒಂದೊಂದೇ ಅಕ್ಷರ ಒತ್ತಿದಳು: ಎ. ನೋಸ್ಕೆ, ಪೆಂಗಿಲಿ-ಹೋಲ್ಡನ್.