ಟರ್ಬೊ ಕಾರಿನ ಓಬಳೇಶ
ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆ ಮಿಲ್ ನಡೆಸುವ ನಮ್ಮ ಓಬಳೇಶ ತಿನ್ನುವ ಎಣ್ಣೆಯ ಬಗ್ಗೆ ಎಂದೂ ತಲೆ ಕೆಡಿಸಿಕೊಂಡವನಲ್ಲ. ಅವನ ಚಿಂತೆಯೆಲ್ಲ ತನ್ನ ಟರ್ಬೊ ಕಾರು ಕುಡಿಯುವ ಎಣ್ಣೆಯದು. ಮದುವೆ ಊಟದಲ್ಲಿ ಎಂಜಿನ್ ಆಯಿಲ್ ಮೆತ್ತಿದ ಬೆರಳಲ್ಲೇ ಹೋಳಿಗೆ ಮುರಿಯುತ್ತ, "ಪೆಟ್ರೋಲ್‌ನಾಗೆ ಎಥೆನಾಲ್ ಐತೆ ಕಣಲೇ, ಕಂಪನಿಯೋರು ಹತ್ತು ಸಾವಿರ ಕಿಲೋಮೀಟ್ರು ಅಂದ್ರೂ ನೀನು ಐದಕ್ಕೇ ಆಯಿಲ್ ಬದಲಾಯಿಸು" ಎಂದು ಪಕ್ಕದವನಿಗೆ ಬುದ್ಧಿ ಹೇಳುತ್ತಾನೆ. ಊರೊಳಗಷ್ಟೇ ಓಡಿಸಿದರೆ ಆಯಿಲಿನಲ್ಲಿ ನೀರಿನ ಪಸೆ ನಿಲ್ಲುತ್ತದೆಂದು ಹೆಂಡತಿ ರೂಪಳನ್ನು ಮಾರ್ಕೆಟ್ಟಿಗೆ ನಡೆಸಿಯೇ ಕಳಿಸುತ್ತಾನೆ. ಭಾನುವಾರ ಮಾತ್ರ, ಆಯಿಲ್ ಚೆನ್ನಾಗಿ ಬಿಸಿಯಾಗಲೆಂದು, ಅವ್ವನನ್ನು ಕೂರಿಸಿಕೊಂಡು ಮೊಳಕಾಲ್ಮೂರಿನ ಅವಳ ತಂಗಿಯ ಮನೆಯವರೆಗೂ ಹೋಗುತ್ತಾನೆ. ಅಕ್ಕತಂಗಿಯರು ತವರಿನ ತೆಲುಗಿನಲ್ಲಿ ಹರಟುತ್ತಿರುತ್ತಾರೆ. "ಹೊರಡಾನೇನಪ್ಪಾ?" ಎಂದು ಅವ್ವ ನಡುವೆ ಕೇಳಿದರೆ, "ತಡಿಯವ್ವ, ಆಯಿಲ್ ತಣ್ಣಗಾಗ್ಲಿ" ಎನ್ನುತ್ತಾನೆ. ಬೆಳಿಗ್ಗೆ ಹತ್ತಕ್ಕೆ ನಿಂತ ಎಂಜಿನ್ನಿನ ಆಯಿಲ್ ಸಂಜೆಯಾದರೂ ತಣ್ಣಗಾಗುವುದಿಲ್ಲ.