ಅವ್ವನ ಸ್ವಭಾವ ಮೆತ್ತಗಾದ ತಿಂಗಳು

ಗಿರಾಕಿ ಅಂಗಡಿಯೊಳಗೆ ಬಂದು ಕುರ್ಚಿಯ ಮುಂದೆ ನಿಂತ ರೀತಿಯಿಂದಲೇ ಅವನು ಎಂಥವನೆಂದು ನಾನು ಹೇಳಬಲ್ಲೆ. ಹುಬ್ಬಳ್ಳಿಯಲ್ಲಿ ಹಳೆಯ ಕಟ್ಟಿಗೆ ಸಾಮಾನು ಕೊಂಡು, ತಿಕ್ಕಿ, ಪಾಲಿಶ್ ಹಾಕಿ ಮಾರುವುದು ನನ್ನ ಧಂದೆ. ಯಾರೂ ಕೈಹಿಡಿದು ಕಲಿಸಲಿಲ್ಲ. ಗಾದಿ ಒತ್ತಿ ನೋಡುವವನಿಗೆ ಆಗಲೇ ಮನಸ್ಸು ಬಂದಿರುತ್ತದೆ, ಅವನಿಗೆ ದರ ಇಳಿಸಬೇಡಿ. ಬಗ್ಗಿ ಕಾಲು ನೋಡುವವನು ಚೌಕಾಶಿಗೇ ಬಂದವನು, ಅವನಿಗೆ ಮೊದಲು ಚಹಾ ಕೊಡಿ. ದೂರ ನಿಂತು ಹೆಂಡತಿಯ ಮುಖ ನೋಡುವವನ ಜೊತೆ ಮಾತು ಖರ್ಚು ಮಾಡಬೇಡಿ, ನೇರ ಆ ಹೆಣ್ಣುಮಗಳಿಗೇ ಹೇಳಿ. ಹೊಸದಾಗಿ ಅಂಗಡಿ ಇಡುವವರಿಗೆಲ್ಲ ನಾನು ಇದನ್ನು ಹೇಳುತ್ತೇನೆ. ಕೇಳದಿದ್ದರೂ ಹೇಳುತ್ತೇನೆ.

ಹೀಗೆ ಮಂದಿಯನ್ನು ಅಳೆದೇ ಹೊಟ್ಟೆ ಹೊರೆದುಕೊಂಡ ನನಗೆ, ಕೇಶ್ವಾಪುರದ ನನ್ನ ಮನೆಯಲ್ಲೇ ನಡೆಯುತ್ತಿದ್ದುದು ತಿಳಿಯಲಿಲ್ಲ.

ನಮ್ಮವ್ವ ಖಡಕ್ ಹೆಂಗಸು. ಸೊಸೆ ಬಡಿದ ರೊಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ದಪ್ಪ ಎಷ್ಟೆಂದು ನೋಡುವವಳು. ನನ್ನ ಹೆಂಡತಿ ಎದುರು ಮಾತಾಡಿದ್ದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಅಂಥ ಅವ್ವ ಈ ಸಲ ದೀಪಾವಳಿ ಕಳೆದ ಮೇಲೆ ಮೆತ್ತಗಾದಳು. ರೊಟ್ಟಿ ನೋಡುವುದು ನಿಂತಿತು. ಟಿವಿಯಲ್ಲಿ ಯಾರು ಏನು ಹಾಕಿದರೂ ನೋಡುತ್ತ ಕೂತಳು. ಒಂದು ಮಧ್ಯಾಹ್ನ ಊಟದ ನಡುವೆ ಸೊಸೆಗೆ, ‘ಪಲ್ಯಾ ಛಲೋ ಆಗೈತವಾ’ ಅಂದಳು. ನನ್ನ ಹೆಂಡತಿ ಸೌಟು ಹಿಡಿದು ಹಾಗೇ ನಿಂತುಬಿಟ್ಟಳು.

ಭಾನುವಾರ ಮಾಳಮಡ್ಡಿಯಿಂದ ನನ್ನ ತಂಗಿ ತನ್ನ ಮಗಳನ್ನು ಕರೆದುಕೊಂಡು ಬಂದಳು. ಆ ಹುಡುಗಿ ಕಾಲೇಜಿನಲ್ಲಿ ಓದುತ್ತಾಳೆ. ಫೋನಿನಲ್ಲಿ ಪ್ರಶ್ನೆ ಕೇಳಿ, ಮನುಷ್ಯರನ್ನು ಹದಿನಾರು ನಮೂನೆಯಲ್ಲಿ ಒಂದಕ್ಕೆ ಹಾಕುವುದು ಅವಳ ಹುಚ್ಚು. ಅದು ಸಾಲದೆಂದು ಒಂದರಿಂದ ಒಂಬತ್ತರವರೆಗೆ ನಂಬರು ಕೊಡುವ ಇನ್ನೊಂದು ಪದ್ಧತಿಯೂ ಅವಳಿಗೆ ಗೊತ್ತು. ಬೇಸಿಗೆ ರಜೆಯಲ್ಲಿ ಅಜ್ಜಿಗೆ ಪ್ರಶ್ನೆ ಕೇಳಿದಾಗ ‘ದಂಡನಾಯಕಿ’ ಎಂದು ಬಂದಿತ್ತು, ನಂಬರು ಎಂಟು. ನಾವೆಲ್ಲ ಹೊಟ್ಟೆ ಹಿಡಿದು ನಕ್ಕಿದ್ದೆವು. ಈಗ ಮತ್ತೆ ಕೇಳಿದಳು. ಅವ್ವ ಪ್ರತಿಯೊಂದಕ್ಕೂ, ನೀವು ಅಂದಂಗ ಆಗಲಿ, ಅನ್ನುವ ಧಾಟಿಯಲ್ಲಿ ಉತ್ತರ ಕೊಟ್ಟಳು. ಈ ಸಲ ‘ಪಾಲಕಿ’ ಎಂದು ಬಂತು, ನಂಬರು ಒಂಬತ್ತು. ಹುಡುಗಿ ಗಾಬರಿಯಾಗಲಿಲ್ಲ. ಅಜ್ಜಿ ಒಳಗೆ ಮೊದಲಿನಿಂದಲೂ ಒಂಬತ್ತೇ, ಸಂಸಾರದ ಒತ್ತಡಕ್ಕೆ ಎಂಟಿನ ವೇಷ ಹಾಕಿದ್ದಳು ಎಂದು ವಿವರಿಸಿದಳು. ತಂಗಿ ಜಾತಕ ನಂಬುವವಳು. ಅವ್ವನದು ರಾಕ್ಷಸಗಣ, ಶನಿಯ ಸಾಡೇಸಾತಿ ಬಿಟ್ಟಿದ್ದಕ್ಕೆ ಹೀಗೆ ತಣ್ಣಗಾಗಿದ್ದಾಳೆ ಅಂದಳು. ನಾನೂ ಸುಮ್ಮನಿರಲಿಲ್ಲ. ಪಿತ್ತದ ಪ್ರಕೃತಿಯವರು ವಯಸ್ಸಾದಂತೆ ಕಫಕ್ಕೆ ತಿರುಗುತ್ತಾರೆ ಎಂದು ಯಾವುದೋ ವೈದ್ಯರಿಂದ ಕೇಳಿದ್ದನ್ನು ನನ್ನದೇ ಶೋಧವೆಂಬಂತೆ ಹೇಳಿದೆ. ಮೂರು ಶಾಸ್ತ್ರಗಳೂ ಅವ್ವನನ್ನು ವಿವರಿಸಿ ಮುಗಿಸಿದವು. ಅವ್ವ ಎಲ್ಲರ ಮಾತಿಗೂ ತಲೆಯಾಡಿಸಿದಳು.

ಸಂಜೆ ಅವರನ್ನು ಬೀಳ್ಕೊಡಲು ಅವ್ವ ಗೇಟಿನತನಕ ಬಂದಳು. ಎಡಗಾಲಿನ ಚಪ್ಪಲಿ ಕಟ್ಟೆಯ ಮೇಲೇ ಉಳಿದಿತ್ತು. ಅದು ಕಳಚಿದ್ದು ಅವಳಿಗೆ ಗೊತ್ತೇ ಇರಲಿಲ್ಲ. ಒಂದು ಕಾಲು ಬರಿಗಾಲು, ಕೆಳಗೆ ಹರಳುಕಲ್ಲು, ಆದರೂ ಮುಖದಲ್ಲಿ ನಗು. ನಾನು ಚಪ್ಪಲಿ ತಂದು ಅವಳ ಕಾಲಿಗೆ ಹಾಕಿದೆ. ವರ್ಷಗಟ್ಟಲೆ ಬಿಗಿಯಾಗಿದ್ದ ಕಪಾಟಿನ ಬಾಗಿಲು ಒಂದು ದಿನ ಬೆರಳು ತಾಗಿಸಿದರೆ ತೆರೆದುಕೊಂಡಿತು ಅನ್ನಿ. ಗಿರಾಕಿ ಖುಷಿಪಡುತ್ತಾನೆ. ನಾನು ಖುಷಿಪಡುವುದಿಲ್ಲ, ಬಿಜಾಗರಿಯ ಕೀಲು ಸಡಿಲಾಯಿತೇನೋ ಎಂದು ನೋಡುತ್ತೇನೆ. ಮನೆಯ ಬಾಗಿಲಿಗೆ ಮಾತ್ರ ಅದನ್ನು ಮಾಡಲು ಮರೆತಿದ್ದೆ.

ಮರುದಿನ ಬೆಳಿಗ್ಗೆಯೇ ಸತ್ತೂರಿನ ಆಸ್ಪತ್ರೆಗೆ ಕರೆದೊಯ್ದೆವು. ತಲೆಯ ಚಿತ್ರ ತೆಗೆಸಿದ ಮೇಲೆ ಡಾಕ್ಟರಮ್ಮ ನಮ್ಮಿಬ್ಬರನ್ನು ಕೂಡಿಸಿ, ಇತ್ತೀಚೆಗೆ ಇವರು ಎಲ್ಲಿಯಾದರೂ ಬಿದ್ದಿದ್ದರೇ ಎಂದು ಕೇಳಿದರು. ಇಲ್ಲವೇ ಇಲ್ಲ ಎಂದು ನಾನು ಹೇಳುತ್ತಿದ್ದಂತೆ ಹೆಂಡತಿ ತಲೆ ತಗ್ಗಿಸಿ ಬಾಯಿಬಿಟ್ಟಳು.

‘ಬಿದ್ದಿದ್ರರೀ. ದಸರಾದಾಗ, ಬಚ್ಚಲದಾಗ. ತಲಿ ಗ್ವಾಡಿಗೆ ಬಡೀತು. ನಿನ್ನ ಗಂಡಗ ಹೇಳಬ್ಯಾಡ, ದಿನಾಪೂರ್ತಿ ಉಪದೇಶ ಮಾಡಕೋಂತ ಕೂಡ್ತಾನ ಅಂತ ಆಣಿ ಹಾಕಿಸ್ಕೊಂಡ್ರು.’

ಡಾಕ್ಟರಮ್ಮ ನನ್ನನ್ನು ನೋಡಿದರು. ನಾನು ಗೋಡೆ ನೋಡಿದೆ.

ತಲೆಬುರುಡೆಗೂ ಮಿದುಳಿಗೂ ನಡುವೆ ರಕ್ತ ನಿಧಾನವಾಗಿ ಸೇರಿಕೊಂಡು ಮಿದುಳನ್ನು ಒತ್ತುತ್ತಿತ್ತಂತೆ. ಸಣ್ಣ ತೂತು ಕೊರೆದು ತೆಗೆಯಬೇಕು, ತಡ ಮಾಡಿದರೆ ಜೀವಕ್ಕೇ ಅಪಾಯ. ಅಂದರೆ ನಾವು ಶಾಸ್ತ್ರ ಹೇಳಿ ವಿವರಿಸಿದ್ದು ಒತ್ತುತ್ತಿದ್ದ ರಕ್ತವನ್ನು. ಒಂಬತ್ತನೆಯ ನಂಬರು, ಬಿಟ್ಟುಹೋದ ಶನಿ, ನನ್ನ ಕಫ, ಎಲ್ಲವೂ ಅದೇ. ಒತ್ತಡ ಇಳಿದರೆ ಹೆಚ್ಚಾಗಿ ಹಳೆಯ ಸ್ವಭಾವವೇ ಮರಳುತ್ತದೆ ಎಂದು ಡಾಕ್ಟರಮ್ಮ ಸಮಾಧಾನ ಹೇಳಿದರು.

ಸಹಿ ಮಾಡಲು ಹೊರಟಾಗ ಹೆಂಡತಿ ನನ್ನ ತೋಳು ಹಿಡಿದು ವರಾಂಡದ ಮೂಲೆಗೆ ಕರೆದೊಯ್ದಳು.

‘ಆಪರೇಶನ್ ಮಾಡಸ್ರಿ, ಬ್ಯಾಡ ಅನ್ನಂಗಿಲ್ಲ ನಾ. ಆದ್ರ ಮೊನ್ನೆ ನಿಮ್ಮವ್ವ ನನ್ನ ಮುಂದ ಕೂಡಿಸ್ಕೊಂಡು ತಲಿ ಬಾಚಿ ಹೆರಳು ಹಾಕಿದ್ರು. ನಮ್ಮವ್ವ ತೀರಿದ ಮ್ಯಾಲೆ ನನ್ನ ತಲಿ ಯಾರೂ ಮುಟ್ಟಿದ್ದಿಲ್ಲ. ಅದೂ ರೋಗನ ಅಂದ್ರ, ನಾ ಏನ್ ತಿಳ್ಕೋಬೇಕ್ರಿ?’

ಅತ್ತೆ ಉಳಿಯಲೆಂದು ದೇವರಲ್ಲಿ ಬೇಡಿಕೊಂಡರೆ, ಆ ಹಳೆಯ ಕೆಟ್ಟ ಅತ್ತೆಯೇ ಮರಳಿ ಬರಲೆಂದು ಅವಳು ಬೇಡಿಕೊಂಡಂತೆ. ನಾನು ಒಳಗೆ ಹೋಗಿ ಸಹಿ ಮಾಡಿ ಬಂದಾಗ ಅವಳು ನಿಜಕ್ಕೂ ಕಣ್ಣುಮುಚ್ಚಿ ಬೇಡಿಕೊಳ್ಳುತ್ತಿದ್ದಳು.

ಆಪರೇಶನ್ ಚೆನ್ನಾಗಿ ಆಯಿತು. ಮರುದಿನ ಅವ್ವ ಕಣ್ಣು ಬಿಟ್ಟು, ತಲೆಯ ಪಟ್ಟಿ ಮುಟ್ಟಿಕೊಂಡು, ಕೂದಲು ಬೋಳಿಸಲು ಬಿಟ್ಟವರ್‍ಯಾರು ಎಂದು ಮೊದಲು ಸೊಸೆಯನ್ನೇ ತರಾಟೆಗೆ ತೆಗೆದುಕೊಂಡಳು. ನನ್ನ ತಂಗಿ ಅಳುತ್ತ ನಗುತ್ತ, ನಮ್ಮವ್ವ ಬಂದ್ಲು, ನಮ್ಮವ್ವ ಬಂದ್ಲು ಎಂದು ಮಗಳನ್ನು ತಬ್ಬಿಕೊಂಡಳು. ಹುಡುಗಿ ಅಭ್ಯಾಸಬಲದಿಂದ ಫೋನು ತೆಗೆದಳು. ನಾನು ಅದನ್ನು ಕಸಿದು ಜೇಬಿಗೆ ಹಾಕಿಕೊಂಡೆ.

ಹೆಂಡತಿ ಗಂಜಿ ಆರಿಸಿ ಒಂದು ಚಮಚ ಕುಡಿಸಿದಳು. ಅವ್ವ ಮುಖ ಕಿವುಚಿದಳು.

‘ಇದಕ್ಕ ಉಪ್ಪ ಹಾಕಿಲ್ಲ. ಲಕ್ಷ್ಯ ಎಲ್ಲಿಟ್ಟಿದ್ದಿ?’

ಹೆಂಡತಿ ಅಂಗೈಯಲ್ಲಿ ಒಂದಿಷ್ಟು ಹಾಕಿಕೊಂಡು ರುಚಿ ನೋಡಿದಳು. ಅವಸರ ಮಾಡಲಿಲ್ಲ.

‘ಉಪ್ಪು ಬರೋಬರಿ ಐತ್ರಿ ಅತ್ತಿ. ನಿಮ್ಮ ನಾಲಿಗಿಗೆ ಇನ್ನೂ ರುಚಿ ಬಂದಿಲ್ಲ. ಬಾಯಿ ತಗೀರಿ.’

ತಂಗಿಯ ನಗು ಅಲ್ಲೇ ನಿಂತಿತು. ಇಷ್ಟು ವರ್ಷ ಮಗ್ಗುಲಲ್ಲೇ ಇದ್ದ ಈ ಹೆಂಗಸು ಯಾವ ನಮೂನೆಯವಳೆಂದು ಯಾವ ಪದ್ಧತಿಯಲ್ಲೂ ನಾವು ಒಬ್ಬರೂ ನೋಡಿರಲಿಲ್ಲ. ಅವ್ವ ಸೊಸೆಯ ಮುಖವನ್ನು ಬಹಳ ಹೊತ್ತು ದಿಟ್ಟಿಸಿದಳು. ಹೆಂಡತಿ ಚಮಚ ಹಿಂದೆ ತೆಗೆಯಲಿಲ್ಲ.

ಕೊನೆಗೆ ಅವ್ವನೇ ಗಂಜಿಗೆ ಬಾಯಿ ತೆರೆದಳು.